ಐದು ಮನೆ ಸುತ್ತುವ ಪತ್ರಿಕೆ

ಆ ದಿನವೂ ನಾನು ಎದ್ದದ್ದು ಐದೂಮುಕ್ಕಾಲಿಗೆ. ಹಿತ್ತಿಲಿನ ನೀರೊಲೆಗೆ ಎರಡು ತೆಂಗಿನ ಮಟ್ಟೆ, ಒಂದು ಹಿಡಿ ಕರಟ ಹಾಕಿ, ಹೊಗೆ ಹೋಗಿ ಉರಿ ನಿಲ್ಲುವವರೆಗೆ ಅಲ್ಲೇ ನಿಂತಿದ್ದೆ. ಒಳಗೆ ನಮ್ಮ ಯಜಮಾನರು ಏಣಿ ಹತ್ತಿ, ಅಟ್ಟದ ಮೇಲಿನ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಅಂದರೆ ಕಾಯಿ ಸುಲಿಯಲು ಬಂದಿದೆ ಅಂತ. ಸದ್ದು ಮಾಡದ ಕಾಯಿ ಇನ್ನೂ ಒಂದೆರಡು ತಿಂಗಳು ಅಟ್ಟದಲ್ಲೇ ಇರಬೇಕು. ಮದುವೆಯಾಗಿ ತುರುವೇಕೆರೆಗೆ ಬಂದ ಹೊಸದರಲ್ಲಿ ಈ ಸದ್ದಿಗೆ ಬೆಚ್ಚಿ ಏಳುತ್ತಿದ್ದೆ. ಈಗ ಅದು ಕೇಳಿಸದಿದ್ದರೆ ಯಜಮಾನರು ಊರಿನಲ್ಲಿಲ್ಲ ಅಂತ ಗೊತ್ತಾಗುತ್ತದೆ.

ಆರು ಗಂಟೆಗೆ ಪತ್ರಿಕೆ ಬರುತ್ತದೆ. ನಾಲ್ಕೇ ಪುಟದ, ನಮ್ಮ ತಾಲ್ಲೂಕಿನ ಸುದ್ದಿಯ ದಿನಪತ್ರಿಕೆ. ಸುದ್ದಿ ಹುಡುಕುವವರು, ಬರೆಯುವವರು, ತಿಪಟೂರಿನ ಪ್ರೆಸ್ಸಿನಿಂದ ಕಟ್ಟು ಹೊತ್ತು ತರುವವರು, ಮನೆಮನೆಗೆ ಹಾಕುವವರು ಎಲ್ಲ ಒಬ್ಬರೇ. ಐವತ್ತು ದಾಟಿದ ಸಂಪಾದಕರು. ಅವರ ಹಳೆಯ ಮೊಪೆಡ್ಡಿನ ಸದ್ದು ಬೀದಿಯ ತಿರುವಿನಲ್ಲಿ ಕೇಳಿದ ಮೇಲೆ ಹತ್ತು ಎಣಿಸಿದರೆ ಸಾಕು, ಕನಕಾಂಬರದ ಕುಂಡದ ಪಕ್ಕ ಪತ್ರಿಕೆ ಬಿದ್ದ ಶಬ್ದ ಬರುತ್ತದೆ. ಆ ದಿನ ಶಬ್ದ ಬರಲಿಲ್ಲ. ಮೊಪೆಡ್ಡು ಗೇಟಿನ ಮುಂದೆ ನಿಂತಿತು.

ಹೋಗಿ ನೋಡಿದರೆ ಸಂಪಾದಕರು ಪತ್ರಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು.

"ಒಂದು ಮಾತು ಹೇಳಬೇಕಿತ್ತು ಅಕ್ಕ. ನಾಳೆಯಿಂದ ಈ ಬೀದಿಗೆ ಬರೋದು ನಿಲ್ಲಿಸ್ತಾ ಇದೀನಿ. ನಿಮ್ಮೊಬ್ಬರ ಮನೆಗೋಸ್ಕರ ಕೆರೆ ಏರಿ ಸುತ್ತಾಕ್ಕೊಂಡು ಬರ್ಬೇಕು. ಆಗ್ತಾ ಇಲ್ಲ. ನಿಮ್ಮ ಪೇಪರ್ ಬಸ್ ಸ್ಟ್ಯಾಂಡಿನ ಹೂವಿನ ಅಂಗಡೀಲಿ ಇಟ್ಟಿರ್ತೀನಿ, ಯಾರಾದ್ರೂ ಹೋದಾಗ ತಗೊಂಡು ಬನ್ನಿ."

ನನ್ನ ಮುಖ ಬಿಸಿಯಾಯಿತು. ಯಾಕೆಂದರೆ ನಮ್ಮ ಮನೆಗೆ ಬರುವ ಆ ಒಂದು ಪ್ರತಿಯನ್ನು ಓದುವವರು ಐದು ಮನೆಯವರು. ನಾನು ಓದಿ ಮುಗಿಸಿ ಎಂಟೂವರೆಗೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಕಾಂಪೌಂಡಿನ ಮೇಲಿಂದ ಕೊಡುತ್ತೇನೆ. ಅವರಿಂದ ಹತ್ತೂವರೆಗೆ ಎದುರು ಮನೆಯಾಕೆಗೆ. ಊಟವಾದ ಮೇಲೆ ಅದು ಮೂಲೆ ಮನೆಯ ಅಜ್ಜಿಗೆ ಹೋಗುತ್ತದೆ. ಅಜ್ಜಿಗೆ ಓದಲು ಬರುವುದಿಲ್ಲ, ಸೊಸೆಯ ಕೈಲಿ ಓದಿಸಿ ಕೇಳುತ್ತಾರೆ. ಸಂಜೆಗೆ, ನಾನು ಇನ್ನೊಮ್ಮೆ ಕಣ್ಣಾಡಿಸಿದ ಮೇಲೆ, ಟೈಲರ್ ಸಾಬರ ಮನೆ. ಅಲ್ಲಿ ಓದಿಯಾದ ಮೇಲೆ ಪತ್ರಿಕೆಯ ಮೇಲೆ ಸೀಮೆಸುಣ್ಣದ ಗೆರೆ ಬಿದ್ದು, ಬ್ಲೌಸಿನ ಅಳತೆಗೆ ಕತ್ತರಿಸಿಹೋಗುತ್ತದೆ. ಇದು ಎಷ್ಟೋ ವರ್ಷದಿಂದ ನಡೆದುಬಂದ ಕ್ರಮ. ಹಂಚಿಕೊಂಡು ಓದುತ್ತೇವೆ ಅಂತ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು. ನಾವು ಹೀಗೆ ಹಂಚಿಕೊಂಡದ್ದರಿಂದಲೇ ಸಂಪಾದಕರ ಲೆಕ್ಕದಲ್ಲಿ ನಮ್ಮ ಬೀದಿಯಲ್ಲಿ ಓದುವವರೇ ಇಲ್ಲದಂತಾಗಿದೆ ಎಂದು ಆವರೆಗೆ ಹೊಳೆದಿರಲಿಲ್ಲ.

"ನಮ್ಮ ಪೇಪರನ್ನ ಐದು ಮನೆಯವರು ಓದ್ತಾರೆ" ಎಂದೆ.

"ಗೊತ್ತು. ಹೋದ ವಾರ ಪ್ಯಾಂಟು ಹೊಲಿಯಕ್ಕೆ ಕೊಡಕ್ಕೆ ಸಾಬರ ಹತ್ರ ಹೋಗಿದ್ದೆ. ನನ್ನ ಸಂಪಾದಕೀಯ ಯಾರದೋ ರವಿಕೆ ತೋಳಾಗಿತ್ತು."

ನಗಬಾರದಿತ್ತು, ನಕ್ಕೆ. ಅವರೂ ನಕ್ಕರು. ಆಮೇಲೆ ಕೇಳಿದೆ, "ಎಷ್ಟು ಮನೆ ಆದ್ರೆ ಬರ್ತೀರಿ?"

"ಐದು ಪ್ರತಿ ಹೋದ್ರೆ ಬತ್ತೀನಿ. ನಾಳೆ ಎಷ್ಟು ಅಂತ ಪ್ರೆಸ್ಸಿಗೆ ಹೇಳೋದು ಸಂಜೆ ಏಳಕ್ಕೆ."

"ಆರೂವರೆಗೆ ಈ ಕಡೆ ಬನ್ನಿ, ಹೇಳ್ತೀನಿ."

ಅವರು ತಲೆಯಾಡಿಸಿದರು. ನಂಬಿದಂತೇನೂ ಕಾಣಲಿಲ್ಲ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ದಿನಾ ಪ್ರಾರ್ಥನೆಯಾದ ಮೇಲೆ ಒಬ್ಬ ಹುಡುಗಿ ಇಂಗ್ಲಿಷ್ ಪತ್ರಿಕೆಯಿಂದ ಸುದ್ದಿ ಓದಬೇಕಿತ್ತು. ಹತ್ತು ವರ್ಷ ಕೇಳಿದೆ, ಸರದಿ ಬಂದಾಗ ಓದಿದೆ. ಎಲ್ಲಿ ಯುದ್ಧ, ಎಲ್ಲಿ ಭೂಕಂಪ, ಯಾವ ದೇಶಕ್ಕೆ ಯಾರು ಪ್ರಧಾನಿ, ಎಲ್ಲ ಬಾಯಿಪಾಠವಾಗಿತ್ತು. ತಿಪಟೂರಿನ ಹೆಸರಾಗಲಿ ತುರುವೇಕೆರೆಯ ಹೆಸರಾಗಲಿ ಒಂದು ಸಲ ಬಂದ ನೆನಪೂ ಇಲ್ಲ. ಸುದ್ದಿ ಅನ್ನುವುದು ಬೇರೆ ಊರುಗಳಲ್ಲಿ ಆಗುವ ಸಂಗತಿ ಅಂತಲೇ ತಿಳಿದುಕೊಂಡು ಬೆಳೆದವಳು ನಾನು.

ಆ ತಿಳಿವಳಿಕೆ ಬದಲಾದದ್ದು ಒಂದು ಚಪ್ಪಡಿ ಕಲ್ಲಿನಿಂದ. ನಮ್ಮ ಬೀದಿಯ ಕೊನೆಯಲ್ಲಿ, ಅಂಗನವಾಡಿಯ ಮುಂದೆ, ಚರಂಡಿಯ ಮೇಲಿನ ಚಪ್ಪಡಿ ಒಡೆದು ಮಳೆಗಾಲವೆಲ್ಲ ಹಾಗೇ ಇತ್ತು. ಮಕ್ಕಳು ಅದನ್ನು ಹಾರಿ ಒಳಗೆ ಹೋಗುವುದನ್ನು ನೋಡಿ ನೋಡಿ, ಒಂದು ಮಧ್ಯಾಹ್ನ ಪಾತ್ರೆ ತೊಳೆದ ಕೈಯಲ್ಲೇ ನಾಲ್ಕು ಸಾಲು ಬರೆದು, ಕೆಳಗೆ 'ಒಬ್ಬ ಗೃಹಿಣಿ' ಎಂದು ಸಹಿ ಮಾಡಿ ಸಂಪಾದಕರಿಗೆ ಕಳಿಸಿದೆ. ಮೂರನೆಯ ಪುಟದ ಮೂಲೆಯಲ್ಲಿ ಬಂತು. ವಾರದೊಳಗೆ ಹೊಸ ಚಪ್ಪಡಿಯೂ ಬಂತು. ಸಂಜೆ ಸಾಬರಿಗೆ ಹೋಗುವ ಮುಂಚೆ ಕತ್ತರಿಸಿಟ್ಟ ಆ ತುಣುಕು, ಸಂಪಾದಕರು ಗೇಟಿನಲ್ಲಿ ನಿಂತ ಆ ದಿನವೂ ನನ್ನ ಬೀರುವಿನ ಬಾಗಿಲ ಒಳಗಡೆ, ಸೀರೆಗಳ ಎದುರಿಗೆ ಅಂಟಿಕೊಂಡಿತ್ತು. ಬರೆದದ್ದು ನಾನೇ ಎಂದು ಅಲ್ಲಿಯವರೆಗೆ ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಆ ತುಣುಕಿನ ಅಂಚಿನಲ್ಲಿ ಕೆಂಪು ಪೆನ್ಸಿಲಿನಲ್ಲಿ ಎರಡು ಮಾತುಗಳಿದ್ದವು: 'ನೋಡಿ ಬಂದೆ. ನಿಜ.' ಅದು ಮೇಷ್ಟ್ರ ಅಕ್ಷರ. ಅವರು ಪತ್ರಿಕೆಯನ್ನು ಸುಮ್ಮನೆ ಓದುವವರಲ್ಲ. ಹತ್ತಿರದ ಸುದ್ದಿಯಾದರೆ ಸೈಕಲ್ ತೆಗೆದುಕೊಂಡು ಹೋಗಿ ನೋಡಿ, ಬಂದು, ಅಂಚಿನಲ್ಲಿ ಷರಾ ಬರೆಯುತ್ತಾರೆ. 'ಟಾರು ಹಾಕಿದ್ದು ಅರ್ಧಕ್ಕೆ ಮಾತ್ರ.' 'ವೈದ್ಯರು ಇದ್ದರು. ನಾನೇ ಬಿ.ಪಿ. ತೋರಿಸಿದೆ.' ದೂರದ ರಾಜಧಾನಿಯ ಸುದ್ದಿಗೆ ಯಾರು ತಾನೆ ಸೈಕಲ್ಲಿನಲ್ಲಿ ಹೋಗಿ ನೋಡಿ ಬರುತ್ತಾರೆ? ಮೇಷ್ಟ್ರ ಷರಾ ಓದುತ್ತಾ ಓದುತ್ತಾ ನಾನು ಕಲಿತದ್ದು, ನಮ್ಮೂರಿನ ಪತ್ರಿಕೆ ತಪ್ಪು ಬರೆದರೂ ಅದು ನಾವು ಹೋಗಿ ಹಿಡಿಯಬಹುದಾದ ತಪ್ಪು ಅಂತ. ಬೇರೆ ಯಾವ ಸುದ್ದಿಯ ಬಗ್ಗೆಯೂ ನನಗೆ ಈ ಧೈರ್ಯ ಇಲ್ಲ.

ಸಂಪಾದಕರು ಹೋದ ಮೇಲೆ ಕಾಫಿ ಲೋಟದೊಂದಿಗೆ ಕೂತು ಪತ್ರಿಕೆ ಬಿಡಿಸಿದೆ. ಮೂರನೆಯ ಪುಟದಲ್ಲಿ ಚೌಕಟ್ಟು ಹಾಕಿದ ಸೂಚನೆ: ಲೈನ್ ಕೆಲಸದ ಕಾರಣ ನಮ್ಮ ಭಾಗದಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ವಿದ್ಯುತ್ ಇರುವುದಿಲ್ಲ. ಎದ್ದು ಹೋಗಿ ಬೋರ್‌ವೆಲ್ ಮೋಟಾರಿನ ಸ್ವಿಚ್ ಹಾಕಿದೆ. ಟ್ಯಾಂಕು ತುಂಬಿ ನೀರು ಹೊರಚೆಲ್ಲುವ ಸದ್ದು ಕೇಳಿದಾಗ ಆರಿಸಿದೆ. ಕೈ ತನ್ನ ಪಾಡಿಗೆ ಈ ಕೆಲಸ ಮಾಡಿತು. ತಲೆಯಲ್ಲಿ ಇದ್ದದ್ದು ಐದು ಎಂಬ ಒಂದೇ ಸಂಖ್ಯೆ.

ಮನೆಮನೆಗೆ ಹೋಗಿ ಪತ್ರಿಕೆ ಹಾಕಿಸಿಕೊಳ್ಳಿ ಎಂದು ಕೇಳಬಹುದಿತ್ತು. ಏನು ಉತ್ತರ ಬರುತ್ತದೆ ಎಂದು ನನಗೆ ಗೊತ್ತಿತ್ತು: ನಿಮ್ಮನೇದು ಬತ್ತದಲ್ಲ. ಅದು ಬರದಿದ್ದರೆ ಹೇಗಿರುತ್ತದೆ ಎಂಬುದನ್ನು ಒಂದು ದಿನ ತಿಳಿಯಲಿ, ಸಂಜೆ ಕೇಳೋಣ ಅಂತ ತೀರ್ಮಾನಿಸಿದೆ. ಪತ್ರಿಕೆಯನ್ನು ಮಡಚಿ ರಾಗಿ ಹಿಟ್ಟಿನ ಡಬ್ಬದ ಕೆಳಗೆ ಇಟ್ಟೆ. ಯಜಮಾನರು ಕೊಬ್ಬರಿ ಮಾರಲು ತಿಪಟೂರಿಗೆ ಹೊರಟಿದ್ದರು. ಹೊಸ್ತಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, "ಪೇಪರ್ ಎಲ್ಲೇ?" ಎಂದರು.

"ಇವತ್ತು ಅದು ಉಪವಾಸ."

"ಅದು ಉಪವಾಸವೋ, ಬೀದಿಯವರೋ?" ಎಂದು ನಗುತ್ತಾ ಹೋದರು.

ಎಂಟೂವರೆಗೆ ಕಾಂಪೌಂಡಿನ ಮೇಲೆ ಮೊದಲು ಕನ್ನಡಕ, ಆಮೇಲೆ ಮೇಷ್ಟ್ರು ಕಾಣಿಸಿಕೊಂಡರು.

"ಏನಮ್ಮ, ಇನ್ನೂ ಓದಿ ಆಗಿಲ್ಲವೇ?"

ಸುಳ್ಳು ಹೇಳಲು ನನಗೆ ಬರುವುದಿಲ್ಲ. "ಆಯ್ತು ಮೇಷ್ಟ್ರೇ. ಆದ್ರೆ ಇವತ್ತು ಕೊಡಲ್ಲ. ಸಂಜೆ ಯಾಕೆ ಅಂತ ಹೇಳ್ತೀನಿ."

ಅವರು ಸ್ವಲ್ಪ ಹೊತ್ತು ಕಾಂಪೌಂಡಿನ ಪಾಚಿಯನ್ನು ಉಗುರಿನಿಂದ ಕೆರೆದರು. "ನಾನು ಗೀಚೋದು ನಿಮಗೆ ಬೇಜಾರಾಗಿದ್ರೆ ಗೀಚಲ್ಲಮ್ಮ" ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು. ಅದಲ್ಲ ಅಂತ ಕೂಗಿ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಆ ದಿನ ನಾನು ಮಾಡಿದ ಕೆಲಸಗಳಲ್ಲಿ ಈಗಲೂ ಚುಚ್ಚುವುದು ಅದೊಂದೇ.

ಒಂಬತ್ತಕ್ಕೆ ಕರೆಂಟು ಹೋಯಿತು. ಹೋಗುತ್ತದೆ ಎಂದು ಗೊತ್ತಿದ್ದವಳಿಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ಹತ್ತೂವರೆಗೆ ಎದುರು ಮನೆಯಾಕೆ ಬಾಗಿಲಿಗೆ ಬಂದರು. ಸೊಂಟಕ್ಕೆ ಸೆರಗು ಸಿಗಿಸಿ, ಕೈಯಲ್ಲಿ ಅವರೆಕಾಯಿ ಮೊರ.

"ಪೇಪರೆಲ್ಲಿ ಹೋಯ್ತ್ರೀ? ಮೇಷ್ಟ್ರು ಅದುಮ್ಕಂಡು ಕುಂತವ್ರಾ?"

"ನಮ್ಮನೇಲೇ ಇದೆ. ಇವತ್ತು ಕೊಡಲ್ಲ."

"ಯಾಕ್ರೀ, ನಿಮ್ಮೋರ ಫೋಟೋ ಬಂದೈತಾ ಅದ್ರಾಗೆ?"

"ಸಂಜೆ ಹೇಳ್ತೀನಿ."

"ಸರಿ ಬುಡಿ, ಕಾನ್ವೆಂಟಿನೋರು ಗುಟ್ಟು ಬುಟ್ಕೊಡಲ್ಲ" ಎಂದು ನಮ್ಮ ಜಗಲಿಯ ಮೇಲೇ ಕೂತು ಅರ್ಧ ಮೊರ ಸುಲಿದು ಎದ್ದರು. ಹೋಗುವಾಗ, "ಕರೆಂಟ್ ಬರ್ಲಿ ಅಂತ ಕಾಯ್ತಾ ಇವ್ನಿ, ಟ್ಯಾಂಕಲ್ಲಿ ಒಂದ್ ತೊಟ್ಟಿಲ್ಲ" ಎಂದರು.

ನನ್ನ ಕೈಯಲ್ಲಿದ್ದ ಹಿಟ್ಟಿನ ಕೋಲು ನಿಂತುಹೋಯಿತು.

ನಮ್ಮ ಬೀದಿಯಲ್ಲಿ ಎಲ್ಲರೂ ಮೋಟಾರ್ ಹಾಕುವುದು ಹತ್ತರ ಮೇಲೆ, ಮನೆಯವರೆಲ್ಲ ಕೆಲಸಕ್ಕೆ ಹೋದ ನಂತರ. ಕರೆಂಟು ಹೋಗುವ ದಿನಗಳಲ್ಲಿ ಮಾತ್ರ ಮುಂಚೆ. ಅಂಥ ದಿನ ಪತ್ರಿಕೆ ಓದಿದ ಕೂಡಲೇ ನಾನು ಕಾಂಪೌಂಡಿನ ಹತ್ತಿರ ನಿಂತು, "ಇವತ್ತು ಕರೆಂಟಿಲ್ಲ, ತುಂಬಿಸ್ಕೊಳ್ಳಿ" ಅಂತ ಮೇಷ್ಟ್ರಿಗೆ ಹೇಳುತ್ತೇನೆ. ಅವರು ಎದುರು ಮನೆಗೆ ಹೇಳುತ್ತಾರೆ. ಹಾಗೆ ಹಾಗೆ ಅದು ಬೀದಿಯ ಕೊನೆಗೆ ಮುಟ್ಟುತ್ತದೆ. ಆ ದಿನ ನನ್ನ ಟ್ಯಾಂಕು ತುಂಬಿಸಿಕೊಂಡು, ಸುದ್ದಿಯನ್ನು ಹಿಟ್ಟಿನ ಡಬ್ಬದ ಕೆಳಗೆ ಇಟ್ಟಿದ್ದೆ.

ಮುದ್ದೆ ಕೂಡಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಒಲೆ ಆರಿಸಿ, ಪತ್ರಿಕೆ ತೆಗೆದುಕೊಂಡು ಹೊರಗೆ ಬಂದೆ. ಅಷ್ಟರಲ್ಲಿ ಟೈಲರ್ ಸಾಬರು ಬೀದಿಯ ಮಧ್ಯೆ ನಿಂತು ಕಂಬದ ಕಡೆ ನೋಡುತ್ತಿದ್ದರು. ಅವರ ಎರಡು ಹೊಲಿಗೆ ಯಂತ್ರವೂ ಕರೆಂಟಿನವು. ಚಿಕ್ಕನಾಯಕನಹಳ್ಳಿಯ ಒಂದು ಮದುವೆ ಮನೆಗೆ ಹನ್ನೊಂದು ರವಿಕೆ ಸಂಜೆ ಬಸ್ಸಿಗೆ ಹೋಗಬೇಕಿತ್ತು.

"ಗ್ರೂಪಲ್ಲಿ ಬಂದಿತ್ತು ಅಕ್ಕ, ಕರೆಂಟ್ ಹೋಗ್ತದೆ ಅಂತ" ಎಂದು ಮೊಬೈಲ್ ತೋರಿಸಿದರು. "ಆದ್ರೆ ಈ ಮೆಸೇಜು ವಾರವಾರ ಬರ್ತದೆ. ಹೋದ ವರ್ಷದ್ದು. ತಾರೀಕೂ ಇಲ್ಲ, ಊರೂ ಇಲ್ಲ. ಯಾರು ನಂಬ್ತಾರೆ?"

ನಾನು ಮೂರನೆಯ ಪುಟ ತೆರೆದು ಅವರ ಮುಂದೆ ಹಿಡಿದೆ. ಅಲ್ಲಿ ತಾರೀಕೂ ಇತ್ತು, ಊರೂ ಇತ್ತು, ನಮ್ಮ ಬೀದಿಯ ಹೆಸರೂ ಇತ್ತು. ಅವರು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ನನ್ನ ಕಡೆ ನೋಡಿದರು. ಅಷ್ಟರಲ್ಲಿ ಎದುರು ಮನೆಯಾಕೆ ಎರಡು ಕೊಡ ಹಿಡಿದು ಬಂದಿದ್ದರು. ಮೇಷ್ಟ್ರೂ ಗೇಟಿನ ಹತ್ತಿರ ಬಂದರು.

"ನನಗೆ ಬೆಳಿಗ್ಗೆ ಆರೂಕಾಲಿಗೇ ಗೊತ್ತಿತ್ತು. ಹೇಳೋದು ಮರೆತೆ. ಪೇಪರ್ ಮುಚ್ಚಿಟ್ಟದ್ದು ಮಾತ್ರ ಬೇಕಂತಲೇ" ಎಂದೆ.

ಮೊದಲು ಬಾಯಿ ಬಿಟ್ಟವರು ಎದುರು ಮನೆಯಾಕೆಯೇ. "ಅಲ್ರೀ, ನಿಮ್ ಟ್ಯಾಂಕ್ ತುಂಬಿಸ್ಕಂಡು ಸುಮ್ಕೆ ಕುಂತಿದ್ರಾ? ಇದೇನಾ ನಿಮ್ ಕಾನ್ವೆಂಟಲ್ಲಿ ಕಲ್ಸಿದ್ದು?"

"ತಪ್ಪಾಯ್ತು. ನಮ್ಮ ನಲ್ಲೀಲಿ ಎಲ್ಲರೂ ಎಷ್ಟು ಬೇಕಾದ್ರೂ ನೀರು ಹಿಡ್ಕೊಳ್ಳಿ. ಸಾಬ್ರೇ, ನಿಮ್ಮ ರವಿಕೆಗೆ ನಾನು ಕಾಜ, ಹುಕ್ಕು ಹಾಕಿಕೊಡ್ತೀನಿ. ಆದ್ರೆ ಒಂದು ಮಾತು ಕೇಳಿ. ನಾಳೆಯಿಂದ ದಿನಾ ಹೀಗೇ. ನಾನು ಮುಚ್ಚಿಡೋದೇ ಬೇಕಾಗಲ್ಲ." ಸಂಪಾದಕರು ಹೇಳಿದ್ದನ್ನು ಹೇಳಿದೆ. ಐದು ಪ್ರತಿ, ಆರೂವರೆ.

ಕಾನ್ವೆಂಟಿನಲ್ಲಿ ಹಾಕಿಸಿದ ಕಾಜದ ಹೊಲಿಗೆ ಆ ಮಧ್ಯಾಹ್ನ ನಿಜವಾಗಿ ಉಪಯೋಗಕ್ಕೆ ಬಂತು. ಸಾಬರು ಒಳಕೋಣೆಯ ಮೂಲೆಯಿಂದ ಅವರ ತಂದೆಯ ಕಾಲದ ತುಳಿಯುವ ಯಂತ್ರ ಎಳೆದು, ಎಣ್ಣೆ ಬಿಟ್ಟು, ನಮ್ಮ ಜಗಲಿಯ ಬೆಳಕಿಗೇ ತಂದಿಟ್ಟರು. ಅವರ ಹೆಂಡತಿ ಒಂದು ಕಡೆ, ನಾನು ಒಂದು ಕಡೆ ಕೂತು ಹುಕ್ಕು ಹಾಕಿದೆವು. ಟಿವಿ ಇಲ್ಲ, ಫ್ಯಾನಿಲ್ಲ, ಮೊಬೈಲುಗಳಲ್ಲಿ ಚಾರ್ಜು ಇಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಜಗಲಿಗೆ ಬಂದರು. ಮೂಲೆ ಮನೆಯ ಅಜ್ಜಿ ಕೋಲೂರಿಕೊಂಡು ಬಂದು ಕಂಬಕ್ಕೆ ಒರಗಿ, "ಮೇಷ್ಟ್ರೇ, ಮೊದ್ಲು ಸತ್ತೋರದ್ದು ಓದಿ" ಎಂದರು.

ಮೇಷ್ಟ್ರು ಕೊನೆಯ ಪುಟ ತಿರುವಿ ನಿಧನವಾರ್ತೆ ಓದಿದರು. ಮಾಯಸಂದ್ರದ ಕಡೆಯ ಒಬ್ಬಾಕೆ ತೀರಿಕೊಂಡಿದ್ದರು. ಅಜ್ಜಿ ಊರು, ಮನೆತನ ಕೇಳಿದರು.

"ನಮ್ಮಕ್ಕನ ಮದ್ವೇಲಿ ಸೋಬಾನೆ ಹೇಳಿದ್ಲು ಕಣಪ್ಪ ಅವ್ಳು" ಎಂದರು. "ದಿಲ್ಲೀಲಿ ಯಾರ್ ಸತ್ರು ಅಂತ ಟಿವಿ ಹೇಳ್ತದೆ. ಮಾಯಸಂದ್ರದಲ್ಲಿ ಯಾರ್ ಸತ್ರು ಅಂತ ನಂಗ್ಯಾರ್ ಹೇಳಾರು?"

ತುಳಿಯುವ ಯಂತ್ರದ ಸದ್ದು ಆ ಗಳಿಗೆ ನಿಂತಿತ್ತು. ಸಾಬರು ದಾರ ಪೋಣಿಸುತ್ತಿದ್ದರೋ, ಕೇಳುತ್ತಿದ್ದರೋ ಗೊತ್ತಿಲ್ಲ. ಇಷ್ಟು ಒಳ್ಳೆಯ ಭಾಷಣವನ್ನು ನಾನು ಮನೆಮನೆಗೆ ತಿರುಗಿದ್ದರೂ ಮಾಡಲಾಗುತ್ತಿರಲಿಲ್ಲ.

"ನಾನೊಂದು ಹಾಕಿಸ್ಕೊಳ್ತೀನಿ" ಎಂದರು ಮೇಷ್ಟ್ರು. "ಇಷ್ಟು ದಿನ ಯಾಕೆ ಹಾಕಿಸ್ಕೊಂಡಿರಲಿಲ್ಲ ಅಂತ ಕೇಳಬೇಡಿ. ನನ್ನ ಮನೆಗೇ ಬಂದ್ರೆ ಅದು ನನ್ನ ಮನೇಲೇ ಉಳಿಯುತ್ತೆ. ನಾನು ನೋಡಿ ಬಂದಿದ್ದನ್ನ ಯಾರಿಗೆ ಬರೀಲಿ?"

ಆಗ ಗೊತ್ತಾಯಿತು, ಬೆಳಿಗ್ಗೆ ಅವರಿಗೆ ಎಷ್ಟು ನೋವಾಗಿತ್ತು ಅಂತ. ಒಳಗೆ ಹೋಗಿ, ಬೀರುವಿನ ಬಾಗಿಲಿನಿಂದ ಚಪ್ಪಡಿಯ ಸುದ್ದಿಯ ತುಣುಕನ್ನು ಹರಿಯದಂತೆ ಬಿಡಿಸಿ ತಂದು ಅವರ ಕೈಗೆ ಕೊಟ್ಟೆ. ಅಂಚಿನಲ್ಲಿದ್ದ ತಮ್ಮ ಕೆಂಪು ಅಕ್ಷರ ನೋಡಿದರು. ಕೆಳಗಿದ್ದ 'ಒಬ್ಬ ಗೃಹಿಣಿ' ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು, "ನೀವಾ?" ಎಂದರು.

"ನಮ್ಮನೇಗೂ ಒಂದು ಬರ್ಲಿ ಬುಡಿ" ಎಂದರು ಎದುರು ಮನೆಯಾಕೆ, ನನ್ನನ್ನು ಕ್ಷಮಿಸಿದ ಹಾಗೆ.

ನಮ್ಮದೂ ಸೇರಿ ಮೂರಾಯಿತು. ಸಾಬರದು ಸೇರಿ ನಾಲ್ಕು. ಅಜ್ಜಿಯ ಮಗ ಅಷ್ಟರಲ್ಲಿ ಕೆಲಸದಿಂದ ಬಂದಿದ್ದರು. ಫೋನಿನಲ್ಲಿ ಎಲ್ಲ ಬರುತ್ತದೆ, ಬೇಡ ಎಂದರು. ನಾನು ಒತ್ತಾಯ ಮಾಡಲಿಲ್ಲ. ಅಜ್ಜಿಯೂ ಮಾಡಲಿಲ್ಲ. "ನಂಗೆ ಓದಾಕ್ ಬರಲ್ಲ, ಪೇಪರ್ ತಕಂಡ್ ಏನ್ಮಾಡ್ಲಿ? ಓದೋರಿದ್ರೆ ಸಾಕು" ಎಂದು ಕಂಬಕ್ಕೆ ಇನ್ನೂ ಗಟ್ಟಿಯಾಗಿ ಒರಗಿದರು.

ಐದು ಗಂಟೆಗೆ ಕರೆಂಟು ಬಂತು. ಬೀದಿಯಲ್ಲಿ ಒಟ್ಟಿಗೆ ಎಲ್ಲ ಮೋಟಾರುಗಳೂ ಗುಂಯ್ ಎಂದವು. ಹನ್ನೊಂದನೆಯ ರವಿಕೆಯ ಕೊನೆಯ ಹುಕ್ಕು ನಾನು ಹಾಕಿದೆ. ಸಾಬರು ಗಂಟು ಕಟ್ಟಿಕೊಂಡು ಬಸ್ಸಿಗೆ ಓಡಿಹೋಗಿ ಕೊಟ್ಟುಬಂದರು.

ಆರೂವರೆಗೆ ಮೊಪೆಡ್ಡು ಗೇಟಿನ ಮುಂದೆ ನಿಂತಿತು. ನಾಲ್ಕು ಎಂದು ಹೇಳುವುದು ಹೇಗೆ ಎಂದು ನಾನು ಬಾಯಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಜಗಲಿಯಿಂದ ಸಾಬರು ಹೇಳಿದರು, "ಸ್ವಾಮಿ, ಐದು ಬರ್ಕೊಳ್ಳಿ. ನನಗೆ ಎರಡು ಬೇಕು. ಓದೋಕೊಂದು, ಕತ್ತರಿಸೋಕೊಂದು."

"ಎರಡರಲ್ಲೂ ಸಂಪಾದಕೀಯ ಇರ್ತದೆ ಸಾಬ್ರೇ."

"ಇರ್ಲಿ. ಒಂದನ್ನ ಕತ್ತರಿಸೋ ಮುಂಚೆ ಇನ್ನೊಂದನ್ನ ಓದ್ತೀನಿ."

ಸಂಪಾದಕರು ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು ಬರೆದುಕೊಂಡರು. ಅವರ ಮುಖದಲ್ಲಿ ಹೆಚ್ಚೇನೂ ಕಾಣಲಿಲ್ಲ. ಬರೆದ ಅಂಕಿಯ ಸುತ್ತ ಒಂದು ಸುತ್ತು ಹಾಕಿದ್ದನ್ನು ಮಾತ್ರ ನಾನು ಗಮನಿಸಿದೆ. ಪುಸ್ತಕದ ಒಳಗಿಂದ ಒಂದು ಪತ್ರಿಕೆಯ ಚೂರು ತೆಗೆದು ಮೇಷ್ಟ್ರ ಕಡೆ ಹಿಡಿದರು. ಹೊಲಿದ ಪ್ಯಾಂಟನ್ನು ಸಾಬರು ಸುತ್ತಿಕೊಟ್ಟ ಕಾಗದವಂತೆ. ಕೆರೆಯ ತೂಬು ದುರಸ್ತಿಯಾಯಿತು ಎಂಬ ಸುದ್ದಿ. ಪಕ್ಕದಲ್ಲಿ ಕೆಂಪು ಪೆನ್ಸಿಲಿನಲ್ಲಿ 'ನೋಡಿ ಬಂದೆ. ಇನ್ನೂ ಸೋರುತ್ತಿದೆ.'

"ಇದನ್ನ ನೋಡಿ ನಾನೂ ಹೋಗಿ ನೋಡ್ದೆ ಮೇಷ್ಟ್ರೇ. ಸೋರ್ತಾ ಇತ್ತು. ಮಾರನೇ ದಿನ ತಿದ್ದಿ ಹಾಕಿದೀನಿ" ಎಂದು ಕಿಕ್ಕರ್ ಒದ್ದು ಹೊರಟರು.

ಮೇಷ್ಟ್ರು ಆ ಚೂರನ್ನು ಹಿಡಿದುಕೊಂಡೇ ಮನೆಗೆ ಹೋದರು. ಅಜ್ಜಿಯನ್ನು ಸೊಸೆ ಬಂದು ಕರೆದೊಯ್ದಳು. ನಾನು ದೀಪ ಹಚ್ಚಿ ಬಂದು ಜಗಲಿಯ ಮೇಲೆ ಬಿದ್ದಿದ್ದ ದಾರದ ತುಂಡುಗಳನ್ನು ಗುಡಿಸುತ್ತಿದ್ದೆ. ಎದುರು ಮನೆಯಾಕೆ ತಮ್ಮ ಎರಡು ಖಾಲಿ ಕೊಡ ಎತ್ತಿಕೊಳ್ಳಲು ಬಂದರು. ಕೊಡ ಸೊಂಟಕ್ಕೇರಿಸಿ, ಗೇಟು ದಾಟಿ, ಬೀದಿಯ ಅರ್ಧಕ್ಕೆ ಹೋದ ಮೇಲೆ ತಿರುಗದೆಯೇ ಹೇಳಿದರು:

"ನಾಳೆ ನಮ್ಮನೇದು ಬಂದ್ರೂ, ಮೇಷ್ಟ್ರು ಗೀಚಿರದನ್ನೇ ಕಳ್ಸಿ ಕಣ್ರೀ. ಬರೀ ಪೇಪರ್ ಓದಾಕೆ ಸಪ್ಪೆ."